ಝೆನಿಟ್ ಕ್ಯಾಮೆರಾದ ಹಿಂಬಾಗಿಲು

"ನನ್ನ ಬೆನ್ನ ಹಿಂದಿನ ಗ್ವಾಡಿ ಭಾಳ ಚೊಲೊ ಬಂದೈತಿ ನೋಡು" ಎಂದು ದೊಡ್ಡಪ್ಪ ಹೇಳಿದಾಗ ಅದು ಹೊಗಳಿಕೆಯಲ್ಲ ಎಂಬುದು ನನಗೆ ಕೂಡಲೇ ತಿಳಿಯಲಿಲ್ಲ. ಗದಗಿನ ಅವರ ಮನೆಯ ಪಡಸಾಲೆಯಲ್ಲಿ ಅವರನ್ನೇ ಕುರ್ಚಿಯ ಮೇಲೆ ಕೂಡಿಸಿ, ಅವರದೇ ಹಳೆಯ ಝೆನಿಟ್ ಕ್ಯಾಮೆರಾದಿಂದ, ಆದರೆ ಫಿಲ್ಮ್ ಇಲ್ಲದೆ, ತೆಗೆದ ಚಿತ್ರ ಅದು. ಹುಬ್ಬಳ್ಳಿಯಲ್ಲಿ ಮುದ್ರಿಸಿ, ಮುಂದಿನ ಭಾನುವಾರ ಒಯ್ದು ಅವರ ಕೈಗೆ ಕೊಟ್ಟಿದ್ದೆ. ಅವರು ಕನ್ನಡಕ ತೆಗೆದಿಟ್ಟು, ಮೇಜಿನ ಖಾನೆಯಿಂದ ನೆಗೆಟಿವ್ ನೋಡುವ ಭೂತಗನ್ನಡಿಯನ್ನು ಹುಡುಕಿ, ತಮ್ಮ ಮುಖವನ್ನು ಬಿಟ್ಟು ಅದರ ಪಕ್ಕದಲ್ಲಿ ಕಾಣುತ್ತಿದ್ದ ಗೋಡೆಯ ಕ್ಯಾಲೆಂಡರನ್ನು ನೋಡಿದರು. ಅದರ ಅಂಕಿಗಳನ್ನಷ್ಟೇ ಅಲ್ಲ, ಅಂಕಿಗಳ ಕೆಳಗಿನ ತಿಥಿ ನಕ್ಷತ್ರಗಳ ಸಣ್ಣ ಅಕ್ಷರಗಳನ್ನೂ ಓದಬಹುದಿತ್ತು. ಅವರ ಹುಬ್ಬಿನ ಕೂದಲು ಮಾತ್ರ ಹಿಂಜಿದ ಅರಳೆಯಂತೆ ಕಲಸಿಹೋಗಿತ್ತು.

ದೊಡ್ಡಪ್ಪ ಗದಗಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫೋಟೋ ಸ್ಟುಡಿಯೋ ನಡೆಸಿದವರು. ಮದುವೆ, ಸೀಮಂತ, ಶಾಲೆಯ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜು, ತೀರಿಕೊಂಡವರ ಚಿತ್ರವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡುವುದು, ಇವೇ ಅವರ ಕೆಲಸ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಾಗದದ ಖಾಲಿ ಪೆಟ್ಟಿಗೆಗಳಲ್ಲಿ ದೊಡ್ಡಮ್ಮ ಇಂದಿಗೂ ಗುಂಡಿ, ಸೂಜಿ, ದಾರಗಳನ್ನು ಇಡುತ್ತಾರೆ. ಝೆನಿಟ್-ಇ ಅವರ ಮೊದಲ 35 ಎಂ.ಎಂ. ಕ್ಯಾಮೆರಾ, ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯದು, ಅವರು ಕೊಂಡಾಗಲೇ ಒಂದು ಕೈ ದಾಟಿ ಬಂದದ್ದು. ಅದರ ಬೆಳಕು ಅಳೆಯುವ ಸೆಲೆನಿಯಂ ಮೀಟರು ಎಂದೋ ಸತ್ತಿದೆ. ಮೀಟರಿಗೂ, ಕ್ಷಣಕಾಲ ತೆರೆದು ಬೆಳಕನ್ನು ಒಳಬಿಡುವ ಶಟರಿಗೂ ಸಂಬಂಧವೇ ಇಲ್ಲದಂತೆ ಆ ಕ್ಯಾಮೆರಾವನ್ನು ಕಟ್ಟಿರುವುದರಿಂದ ಉಳಿದದ್ದೆಲ್ಲ ಈಗಲೂ ನಡೆಯುತ್ತದೆ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು. "ನಿಮ್ಮ ಸಾಲ್ಯಾಗ ಏನೇನೋ ಮಾಡ್ತೀರಿ, ಇದಕ್ಕೊಂದು ಜೀವ ಬರೂ ಹಂಗ ಮಾಡ" ಎಂದು ಅವರು ಕೊಟ್ಟಾಗ, ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯುವ ಡಿಜಿಟಲ್ ಚಿಪ್ ಅನ್ನು, ಎಂದರೆ ಸೆನ್ಸರನ್ನು, ಕೂರಿಸುವುದು ಎರಡು ತಿಂಗಳ ಕೆಲಸ ಎಂದುಕೊಂಡೆ. ಒಂದು ವರ್ಷ ಹಿಡಿಯಿತು.

ಮೊದಲೇ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಹಳೆಯ ಲೆನ್ಸಿನ ಚಿತ್ರವಷ್ಟೇ ಬೇಕೆನ್ನುವವರಿಗೆ ಈ ಪಾಡು ಬೇಡ. ಝೆನಿಟ್‌ನ ಲೆನ್ಸ್ ಕೂರುವ ಎಂ42 ಎಂಬ ತಿರುಪಿನ ಬಾಯಿಯಿಂದ ಫಿಲ್ಮಿನವರೆಗಿನ ದೂರ 45.46 ಮಿ.ಮೀ.; ಈಗಿನ ಸೋನಿ ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಅದೇ ದೂರ 18 ಮಿ.ಮೀ. ಮಾತ್ರ. ನಡುವಿನ ವ್ಯತ್ಯಾಸವನ್ನು ತುಂಬಲು ಒಳಗೆ ಏನೂ ಇಲ್ಲದ ಒಂದು ಲೋಹದ ಕೊಳವೆ ಸಾಕು, ಅದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಲೆನ್ಸು ದುಡಿಯುತ್ತದೆ, ಚಿತ್ರ ಬರುತ್ತದೆ, ಝೆನಿಟ್ ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ. ದೊಡ್ಡಪ್ಪನ ಬೇಡಿಕೆ ಲೆನ್ಸಿನದಾಗಿರಲಿಲ್ಲ. ಲಿವರ್ ಎಳೆಯುವುದು, ಕಣ್ಣಿಗೆ ಹಿಡಿಯುವುದು, 'ಖಟ್' ಎನ್ನಿಸುವುದು, ಇವೆಲ್ಲ ಇದ್ದು ಚಿತ್ರವೂ ಬರಬೇಕೆಂಬುದು ಅವರ ಇಚ್ಛೆಯಾಗಿತ್ತು.

ಫಿಲ್ಮ್ ರೋಲಿನ ಆಕಾರದಲ್ಲೇ ಒಂದು ಡಿಜಿಟಲ್ ರೋಲನ್ನು ಮಾಡಿ, ಹಿಂಬಾಗಿಲು ತೆರೆದು ಒಳಗಿಟ್ಟು ಮುಚ್ಚಿಬಿಟ್ಟರೆ ಆಗದೇ ಎಂಬ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿದರು. ಅದು ಹಳೆಯ ಕನಸು. 1998ರಲ್ಲಿ ಇಮೇಜೆಕ್ ಎಂಬ ಅಮೆರಿಕದ ಕಂಪನಿ ಇಂಥದ್ದನ್ನೇ ಘೋಷಿಸಿತ್ತು, 1.3 ಮೆಗಾಪಿಕ್ಸೆಲ್‌ನ, ಫಿಲ್ಮ್ ಡಬ್ಬಿಯಿಂದ ನಾಲಗೆ ಚಾಚಿದಂತೆ ಸೆನ್ಸರ್ ಇರುವ ಒಂದು ವಸ್ತು. ಆಮೇಲೆ ಸಿಲಿಕಾನ್ ಫಿಲ್ಮ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿ, ಸರಕು ಅಂಗಡಿಗೆ ಬರುವ ಮುಂಚೆಯೇ 2001ರಲ್ಲಿ ಕೆಲಸ ನಿಲ್ಲಿಸಿತು. ಲೈಕಾ ಕಂಪನಿಯಾದರೋ ತನ್ನ ಆರ್8 ಮತ್ತು ಆರ್9 ಫಿಲ್ಮ್ ಕ್ಯಾಮೆರಾಗಳ ಹಿಂಬಾಗಿಲನ್ನು ತೆಗೆದು ಅಲ್ಲಿ ಕೂರಿಸಬಹುದಾದ 10 ಮೆಗಾಪಿಕ್ಸೆಲ್ ಘಟಕವನ್ನು 2005ರಲ್ಲಿ ನಿಜವಾಗಿಯೂ ಮಾರಿತು, ಮತ್ತೆ ಫಿಲ್ಮ್ ಬೇಕೆನಿಸಿದರೆ ಹಳೆಯ ಬಾಗಿಲನ್ನೇ ಹಾಕಿಕೊಳ್ಳಬಹುದಿತ್ತು. ಇತ್ತೀಚೆಗೆ 'ಐಮ್ ಬ್ಯಾಕ್' ಎಂಬ ಹೆಸರಿನಲ್ಲಿ, ಸೆನ್ಸರನ್ನು ಫಿಲ್ಮಿನ ಜಾಗದಲ್ಲಿಟ್ಟು ಬ್ಯಾಟರಿ ಮುಂತಾದವನ್ನು ಕ್ಯಾಮೆರಾದ ಬುಡಕ್ಕೆ ಕಟ್ಟುವ ಸಾಧನವೂ ಬಂದಿದೆ. ಇನ್ನೂ ಹಿಂದಕ್ಕೆ ಹೋದರೆ, 1991ರಲ್ಲಿ ಕೊಡಾಕ್ ಮಾರಾಟಕ್ಕಿಟ್ಟ ಮೊದಲ ಡಿಜಿಟಲ್ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯಿಂದಾಗಿ ಲೆನ್ಸಿನ ಮೂಲಕವೇ ನೋಡಬಹುದಾದ ಕ್ಯಾಮೆರಾ) ಕೂಡ ನಿಕಾನ್ ಎಫ್3 ಎಂಬ ಫಿಲ್ಮ್ ಕ್ಯಾಮೆರಾದ ಬೆನ್ನಿಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಕಟ್ಟಿದ್ದೇ ಆಗಿತ್ತು. ಅದರ 200 ಮೆಗಾಬೈಟ್ ಡಿಸ್ಕನ್ನು ಬೇರೆ ಪೆಟ್ಟಿಗೆಯಲ್ಲಿ ಹೆಗಲಿಗೆ ತೂಗುಹಾಕಿಕೊಂಡು ತಿರುಗಬೇಕಿತ್ತು. ಎಂದರೆ ಡಿಜಿಟಲ್ ಎಸ್‌ಎಲ್‌ಆರ್‌ಗಳ ವಂಶವೇ ನಾನು ಮಾಡಹೊರಟಂಥ ಜೋಡಣೆಯಿಂದ ಶುರುವಾಗಿದೆ.

ಇಷ್ಟಾಗಿಯೂ ಆ ರೋಲು ಎಲ್ಲ ಕ್ಯಾಮೆರಾಗಳಿಗೂ ಸಲ್ಲುವಂತೆ ಬಾರದಿರಲು ಕಾರಣವನ್ನು ನಾನು ಬಿಚ್ಚಿ ನೋಡಿಯೇ ಕಲಿಯಬೇಕಾಯಿತು. ಕೊಡಾಕ್ 1934ರಲ್ಲಿ ತಂದ, 135 ಎಂಬ ಹೆಸರಿನ 35 ಎಂ.ಎಂ. ಫಿಲ್ಮ್ ಡಬ್ಬಿ ಎಲ್ಲ ಕ್ಯಾಮೆರಾಗಳಿಗೂ ಒಪ್ಪುವುದಕ್ಕೆ ಫಿಲ್ಮು ತೆಳುವಾಗಿರುವುದೊಂದೇ ಕಾರಣವಲ್ಲ, ಅದಕ್ಕೆ ಏನನ್ನೂ ಹೇಳಬೇಕಾಗಿಲ್ಲ ಎಂಬುದೂ ಕಾರಣ. ಶಟರ್ ಯಾವಾಗ ತೆರೆಯುತ್ತದೆ ಎಂದು ಫಿಲ್ಮಿಗೆ ಗೊತ್ತಿರಬೇಕಾಗಿಲ್ಲ. ಅದು ಕತ್ತಲಲ್ಲಿ ಸುಮ್ಮನೆ ಕೂತಿರುತ್ತದೆ, ಬೆಳಕು ಬಂದಾಗ ಹಿಡಿದುಕೊಳ್ಳುತ್ತದೆ, ವಾರಗಟ್ಟಲೆ ಕಾಯಿಸಿದರೂ ಬೇಸರಿಸುವುದಿಲ್ಲ. ಸೆನ್ಸರಿಗೆ ಈ ಗುಣವಿಲ್ಲ. ಅದನ್ನು ಮೊದಲು ಖಾಲಿ ಮಾಡಬೇಕು, ಬೆಳಕು ಹಿಡಿಯಲು ಹೇಳಬೇಕು, ಸಾಲುಸಾಲಾಗಿ ಓದಿಕೊಳ್ಳಬೇಕು. ಝೆನಿಟ್‌ನಂಥ ಪೂರ್ತಿ ಯಾಂತ್ರಿಕ ಕ್ಯಾಮೆರಾವಾದರೋ ತಾನು ಏನು ಮಾಡುತ್ತಿದ್ದೇನೆ ಎಂದು ಯಾರಿಗೂ ಹೇಳುವುದಿಲ್ಲ. ಒಬ್ಬ ಮೂಕ, ಇನ್ನೊಬ್ಬ ಕೂಗಿ ಕರೆದಲ್ಲದೆ ಏಳದವ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿಸುವುದೇ ಈ ಕೆಲಸದ ತಿರುಳು.

ನಾನು ಆರಿಸಿಕೊಂಡದ್ದು ರಾಸ್ಪ್‌ಬೆರಿ ಪೈ ಎಂಬ ಅಂಗೈ ಗಾತ್ರದ ಕಂಪ್ಯೂಟರಿಗೆ 2020ರಲ್ಲಿ ಬಂದ ಎಚ್‌ಕ್ಯೂ ಕ್ಯಾಮೆರಾ ಬೋರ್ಡು. ಅದರಲ್ಲಿರುವುದು ಸೋನಿಯ ಐಎಂಎಕ್ಸ್477 ಎಂಬ 12.3 ಮೆಗಾಪಿಕ್ಸೆಲ್ ಸೆನ್ಸರ್. ಅಗ್ಗವೆಂಬುದು ಮತ್ತು ಅದಕ್ಕೆ ನಾನೇ ಪ್ರೋಗ್ರಾಂ ಬರೆಯಬಹುದು ಎಂಬುದು ಎರಡೇ ಕಾರಣ. ಝೆನಿಟ್‌ನ ಹಿಂಬಾಗಿಲಿನ ಕೀಲಿನ ಕಡ್ಡಿಯನ್ನು ಹೊಡೆದು ತೆಗೆದು, ಫಿಲ್ಮನ್ನು ಒತ್ತಿಹಿಡಿಯುವ ಸ್ಪ್ರಿಂಗ್ ತಗಡಿನ ಸಮೇತ ಅದನ್ನು ಹಾಗೆಯೇ ಒಂದು ಪೇಡೆ ಡಬ್ಬಿಯಲ್ಲಿಟ್ಟೆ. ಅದರ ಜಾಗಕ್ಕೆ ಪ್ಲೈವುಡ್ಡಿನಲ್ಲಿ ಹೊಸ ಬಾಗಿಲು ಮಾಡಿ, ಬೋರ್ಡನ್ನು ಅದರ ಒಳಮೈಗೆ ನಾಲ್ಕು ಸ್ಕ್ರೂಗಳ ಮೇಲೆ ನಿಲ್ಲಿಸಿದೆ. ಕ್ಯಾಮೆರಾದ ಮೂಲ ಮೈಗೆ ಒಂದು ತೂತನ್ನೂ ಹೊಡೆಯಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಅರ್ಧ ಶತಮಾನ ಬಾಳಿದ ಯಂತ್ರವನ್ನು, ಐದು ವರ್ಷಕ್ಕೆ ಹಳತಾಗುವ ಬೋರ್ಡಿಗಾಗಿ ಗರಗಸಕ್ಕೆ ಕೊಡುವವರ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಸೆನ್ಸರಿನ ದೊಡ್ಡ ಕೊರತೆ ಅದರ ಸಣ್ಣತನ. ಫಿಲ್ಮಿನ ಚೌಕಟ್ಟು 36×24 ಮಿ.ಮೀ.; ಸೆನ್ಸರು ಸುಮಾರು 6.3×4.7 ಮಿ.ಮೀ. ಲೆನ್ಸು ಫಿಲ್ಮಿನ ಮೇಲೆ ಚೆಲ್ಲುವ ಚಿತ್ರದ ಇಪ್ಪತ್ತೊಂಬತ್ತರಲ್ಲಿ ಒಂದು ಪಾಲು ಮಾತ್ರ ನನ್ನ ಪಾಲಿಗೆ ಬರುತ್ತದೆ. ಝೆನಿಟ್‌ನ ಹೆಲಿಯೋಸ್ ಲೆನ್ಸಿನ 58 ಮಿ.ಮೀ. ನಾಭಿದೂರ ಇದರಿಂದ ದೂರದ್ದನ್ನು ಹತ್ತಿರ ತರುವ 320 ಮಿ.ಮೀ. ಟೆಲಿ ಲೆನ್ಸಿನಂತೆ ವರ್ತಿಸುತ್ತದೆ. ಮೊದಲ ಸಲ ಲಕ್ಕುಂಡಿಗೆ ಒಯ್ದು, ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡವನ್ನು ವ್ಯೂಫೈಂಡರಿನಲ್ಲಿ ಪೂರ್ತಿ ತುಂಬಿಸಿಕೊಂಡು ತೆಗೆದರೆ, ಬಂದದ್ದು ಅದರ ನಡುವಿನ ಒಂದಿಷ್ಟು ಕತ್ತಲೆ ಮತ್ತು ಒಳಗಿನ ಕಂಬದ ಒಂದು ತುಂಡು. ಆ ಚಿತ್ರ ಕಂಡ ದೊಡ್ಡಪ್ಪ, "ಗುಡಿ ತಗಿ ಅಂದ್ರ ಗುಡಿಯ ಮೂಗಿನ ಹೊಳ್ಳಿ ತಗದು ತಂದಿಯಲ್ಲೋ" ಎಂದರು. ಈಗ ವ್ಯೂಫೈಂಡರಿನ ಕಿಂಡಿಗೆ ಒಂದು ಪಾರದರ್ಶಕ ಹಾಳೆ ಅಂಟಿಸಿ, ನಡುವೆ ಸಣ್ಣ ಆಯತ ಬರೆದಿದ್ದೇನೆ. ಕಣ್ಣನ್ನು ಸ್ವಲ್ಪ ಸರಿಸಿದರೂ ಆಯತ ಸರಿಯುತ್ತದೆ, ಆದರೂ ಇಲ್ಲದ್ದಕ್ಕಿಂತ ವಾಸಿ. ದೊಡ್ಡ ಸೆನ್ಸರಿನ ಹಳೆಯ ಡಿಜಿಟಲ್ ಕ್ಯಾಮೆರಾ ಒಡೆದು ಅದರ ಕರುಳನ್ನೆಲ್ಲ ಫಿಲ್ಮ್ ಕ್ಯಾಮೆರಾಕ್ಕೆ ತುಂಬುವವರಿದ್ದಾರೆ. ನನಗೆ ಆ ಧೈರ್ಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಸಮಯದ ಹೊಂದಾಣಿಕೆಯಲ್ಲಿ ನಾನು ಮೂರು ತಿಂಗಳು ಕಳೆದೆ. ಝೆನಿಟ್‌ಗೆ ಫ್ಲ್ಯಾಶ್ ತಂತಿ ಸಿಕ್ಕಿಸುವ ಕಿಂಡಿ ಇದೆ. ಶಟರಿನ ಮೊದಲ ಬಟ್ಟೆಪರದೆ ಪೂರ್ತಿ ಸರಿದೊಡನೆ ಒಳಗಿನ ಎರಡು ತಗಡುಗಳು ಮುಟ್ಟಿ ಫ್ಲ್ಯಾಶ್ ಹೊತ್ತಿಕೊಳ್ಳುತ್ತದೆ. ಆ ಸುಳುಹನ್ನೇ ಸೆನ್ಸರಿಗೆ ಕೊಟ್ಟರಾಯಿತು ಎಂದು ಎಲೆಕ್ಟ್ರಾನಿಕ್ಸ್ ಓದಿದ ಯಾರಿಗಾದರೂ ಹೊಳೆಯುತ್ತದೆ; ನನಗೂ ಹೊಳೆಯಿತು. ಫಲವಾಗಿ ಐವತ್ತಕ್ಕೂ ಹೆಚ್ಚು ಕಪ್ಪು ಚಿತ್ರಗಳು ಬಂದವು. ಪರದೆ ತೆರೆದಿರುವುದು ಹೆಚ್ಚೆಂದರೆ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಪೈ ಆ ಸುಳುಹನ್ನು ಕೇಳಿ, ಎದ್ದು, ಸೆನ್ಸರಿಗೆ ಹೇಳಿ, ಸೆನ್ಸರು ಸಿದ್ಧವಾಗುವಷ್ಟರಲ್ಲಿ ಎರಡನೆಯ ಪರದೆ ಬಂದು ಮುಚ್ಚಿಬಿಟ್ಟಿರುತ್ತಿತ್ತು. ಪೂರ್ತಿ ಚಿತ್ರದ ಸಾಲುಗಳನ್ನು ಓದಿ ಮುಗಿಸಲಿಕ್ಕೇ ಈ ಸೆನ್ಸರಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಹೀಗಾಗಿ ಸುಳುಹು ಬೇಗ ಮುಟ್ಟಿದರೂ ಕೆಲವು ಸಾಲು ಬೆಳಕು ಕಂಡು ಕೆಲವು ಕಾಣದೆ ಉಳಿಯುತ್ತವೆ.

ಪರಿಹಾರ ಸಿಕ್ಕದ್ದು ಫಿಲ್ಮನ್ನು ನೆನೆದುಕೊಂಡಾಗ. ಸೆನ್ಸರನ್ನೂ ಕತ್ತಲಲ್ಲಿ ಕಾಯಿಸಬೇಕು. ಕ್ಯಾಮೆರಾದ ಬುಡದಲ್ಲಿ ಎಡ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ ಇಟ್ಟೆ. ಅದನ್ನು ಒತ್ತಿದರೆ ಸೆನ್ಸರು ಎರಡು ಸೆಕೆಂಡಿನ ಒಂದು ದೀರ್ಘ ಎಕ್ಸ್‌ಪೋಷರ್ ಶುರು ಮಾಡುತ್ತದೆ, ಎಲ್ಲ ಸಾಲುಗಳೂ ಎಚ್ಚರಗೊಂಡ ಮೇಲೆ ಪುಟ್ಟ ಕೆಂಪು ದೀಪ ಹತ್ತುತ್ತದೆ. ಆ ದೀಪ ಹತ್ತಿರುವಾಗ ಶಟರ್ ಒತ್ತಬೇಕು. ಎಷ್ಟು ಬೆಳಕು ಬೀಳಬೇಕೆಂಬುದನ್ನು ನಿರ್ಧರಿಸುವುದು ಝೆನಿಟ್‌ನ ಶಟರೇ, 1/30ರಿಂದ 1/500ರವರೆಗಿನ ಅದರ ಐದು ವೇಗಗಳೇ. ಮುಂಚಿನ ಮತ್ತು ನಂತರದ ಹೊತ್ತೆಲ್ಲ ಸೆನ್ಸರಿಗೆ ಬರೀ ಕತ್ತಲೆ. ಇದನ್ನು ದೊಡ್ಡಪ್ಪನಿಗೆ ವಿವರಿಸಿದಾಗ ಅವರು ನಕ್ಕರು. "ನಾವು ಮಂದಿಗೆ 'ರೆಡಿ' ಅಂತಿದ್ದಿವಿ. ನಿನ್ನ ಕ್ಯಾಮೆರಾದಾಗ ಕ್ಯಾಮೆರಾಕ್ಕ ರೆಡಿ ಅನಬೇಕಾತು." ಮನೆಯಲ್ಲಿ ಆ ಗುಂಡಿಗೆ 'ರೆಡಿ ಗುಂಡಿ' ಎಂದೇ ಹೆಸರು ಬಿದ್ದಿದೆ.

ಕತ್ತಲಲ್ಲಿ ಕಾಯಿಸಿದ ಮೇಲೆ ಕತ್ತಲು ನಿಜವಾಗಿ ಕತ್ತಲಾಗಿರಬೇಕಲ್ಲ. ನನ್ನ ಪ್ಲೈವುಡ್ ಬಾಗಿಲಿನ ಅಂಚಿನಿಂದ ಬೆಳಕು ಸೋರಿ ಚಿತ್ರದ ಮೂಲೆಯಲ್ಲಿ ಹೊಗೆಯಂಥ ಬಿಳುಪು ಕಟ್ಟುತ್ತಿತ್ತು. ಸ್ಪಾಂಜು, ವೆಲ್ವೆಟ್ಟು, ಟೇಪು ಎಲ್ಲ ಆದ ಮೇಲೆ ದೊಡ್ಡಮ್ಮ ಹಳೆಯ ಕರಿ ಕಂಬಳಿಯ ಅಂಚಿನಿಂದ ಒಂದು ಮೊಳ ನೂಲನ್ನು ಬಿಚ್ಚಿ ಕೊಟ್ಟರು. ಬಾಗಿಲು ಕೂರುವ ಸಣ್ಣ ತೋಡಿನಲ್ಲಿ ಆ ಉಣ್ಣೆಯ ಎಳೆಯನ್ನು ಕೂರಿಸಿದಾಗ ಸೋರಿಕೆ ನಿಂತಿತು. ಏಪ್ರಿಲ್ ಬಿಸಿಲಲ್ಲಿ ಮಾತ್ರ ಕತ್ತಲಲ್ಲೂ ಚಿತ್ರದ ತುಂಬ ಬಿಳಿ ಚುಕ್ಕೆ ಮೂಡುತ್ತವೆ, ಅದು ಬೆಳಕಲ್ಲ, ಸೆನ್ಸರಿನ ಕಾವು. ಲೆನ್ಸ್ ಮುಚ್ಚಿ ಒಂದು ಚಿತ್ರ ತೆಗೆದು, ಅದರ ಚುಕ್ಕೆಗಳನ್ನು ಬೇರೆ ಚಿತ್ರಗಳಿಂದ ಕಳೆಯುತ್ತೇನೆ.

ಇನ್ನು ಆ ಗೋಡೆಯ ವಿಷಯ. ಅದಕ್ಕೆ ಕಾರಣ ದೊಡ್ಡಪ್ಪನ ಟೊಪ್ಪಿಗೆ. ಎಚ್‌ಕ್ಯೂ ಬೋರ್ಡಿನ ಲೆನ್ಸ್ ಹಿಡಿಕೆಯನ್ನು ನಾನು ಬಿಚ್ಚಿ ತೆಗೆದಾಗ, ಅದರೊಳಗೆ ಅಂಟಿಸಿದ್ದ ಅವಕೆಂಪು ಕಿರಣ ತಡೆಯುವ ಫಿಲ್ಟರ್ ಗಾಜೂ ಅದರ ಜೊತೆಗೇ ಹೋಗಿತ್ತು. ಬಿಡಿಸಿಕೊಳ್ಳಲು ಹೋಗಿ ಅದನ್ನು ಸೀಳಿದೆ. ಫಿಲ್ಟರ್ ಇಲ್ಲದ ಸೆನ್ಸರು ನಮ್ಮ ಕಣ್ಣಿಗೆ ಕಾಣದ ಕಿರಣಗಳನ್ನೂ ಹಿಡಿಯುತ್ತದೆ: ಬೇವಿನ ಎಲೆ ಗುಲಾಬಿ ಬಣ್ಣಕ್ಕೆ ತಿರುಗಿತು, ದೊಡ್ಡಪ್ಪನ ಕರಿ ಟೊಪ್ಪಿಗೆ ಬದನೆಕಾಯಿ ಬಣ್ಣಕ್ಕೆ. "ಈ ಟೊಪಿಗಿ ನಂದಲ್ಲ" ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರಿಂದ, 1 ಮಿ.ಮೀ. ದಪ್ಪದ ಸಣ್ಣ ಫಿಲ್ಟರ್ ಗಾಜೊಂದನ್ನು ತರಿಸಿ, ಪರದೆಗೂ ಸೆನ್ಸರಿಗೂ ನಡುವಿನ ಇಕ್ಕಟ್ಟಿನಲ್ಲಿ ಕೂರಿಸಿದೆ. ಟೊಪ್ಪಿಗೆ ಕಪ್ಪಾಯಿತು. ಗೋಡೆ ಸ್ಪಷ್ಟವಾಯಿತು, ಮುಖ ಕಲಸಿತು.

"ಫಿಲ್ಮು ತನ್ನ ಜಾಗಾ ಬಿಟ್ಟು ಮುಂದ ಬಂದೈತಿ" ಎಂದು ದೊಡ್ಡಪ್ಪ ಭೂತಗನ್ನಡಿಯನ್ನು ಕೆಳಗಿಡುತ್ತ ಹೇಳಿದರು. ಸೆನ್ಸರನ್ನು ಅಳತೆ ಮಾಡಿ ಫಿಲ್ಮಿನ ಮಟ್ಟದಲ್ಲೇ ಕೂರಿಸಿದ್ದೇನೆ, ಅದು ಅಲುಗಾಡಿಲ್ಲ ಎಂದು ನಾನು ವಾದಿಸಿದೆ. ಅವರು ವಾದಿಸಲಿಲ್ಲ. ಎದುರಿನ ಗ್ಯಾರೇಜಿನಿಂದ ಎಂಜಿನ್ ವಾಲ್ವ್ ಉಜ್ಜುವ ಪೇಸ್ಟನ್ನು ಒಂದು ಚಿಟಿಕೆ ತರಿಸಿ, ಕಿಟಕಿ ಗಾಜಿನ ಎರಡು ತುಂಡುಗಳ ನಡುವೆ ಅದನ್ನಿಟ್ಟು, ಎರಡು ಹನಿ ನೀರು ಹಾಕಿ, ಎಂಟರ ಅಂಕಿ ಬರೆದಂತೆ ತಿರುವುತ್ತ ಕಾಲು ಗಂಟೆ ಉಜ್ಜಿದರು. ಗಾಜಿನ ಒಂದು ಮೈ ಹಾಲು ಚೆಲ್ಲಿದಂತೆ ಮಸುಕಾಯಿತು. ನನ್ನ ಬಾಗಿಲನ್ನು ತೆಗೆಸಿ, ಫಿಲ್ಮ್ ಜಾರುವ ಹಳಿಗಳ ಮೇಲೆ ಆ ಮಸುಕು ಮೈಯನ್ನು ಲೆನ್ಸಿನ ಕಡೆಗೆ ಮಾಡಿ ಇಟ್ಟರು. ಶಟರನ್ನು, ಒತ್ತಿಹಿಡಿದಷ್ಟು ಹೊತ್ತೂ ತೆರೆದೇ ಇರುವ 'ಬಿ'ಗೆ ತಿರುಗಿಸಿ, ಕೇಬಲ್ ರಿಲೀಸ್ ಎಂಬ ಒತ್ತುವ ತಂತಿಯಿಂದ ತೆರೆದು ಹಿಡಿದರು. ಈ ಸಲ ಕುರ್ಚಿಯ ಮೇಲೆ, ಕ್ಯಾಮೆರಾದಿಂದ ಹತ್ತಡಿ ದೂರದಲ್ಲಿ, ಎದೆಗೆ ದಿನಪತ್ರಿಕೆ ಹಿಡಿದು ಕೂತವನು ನಾನು. ವ್ಯೂಫೈಂಡರಿನಲ್ಲಿ ಪತ್ರಿಕೆಗೆ ಫೋಕಸ್ ಮಾಡಿ, ಆಮೇಲೆ ನನ್ನನ್ನು ಎಬ್ಬಿಸಿ, ಪತ್ರಿಕೆಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ಮಸುಕು ಗಾಜಿನ ಮೇಲಿನ ಚಿತ್ರವನ್ನು ನೋಡಲು ಹೇಳಿದರು. ತಲೆಕೆಳಗಾದ ಅಕ್ಷರಗಳು ನಿಚ್ಚಳವಾಗಿದ್ದವು, ಕ್ಯಾಮೆರಾದಲ್ಲಿ ದೋಷವಿರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಈಗ ತರಗತಿಯಲ್ಲಿಯೂ ಮಾಡಿ ತೋರಿಸುತ್ತೇನೆ. ನನ್ನ ಫಿಲ್ಟರ್ ಗಾಜನ್ನು ಮಸುಕು ಮೈಯ ನಡುವೆ ಟೇಪಿನಿಂದ ಅಂಟಿಸಿ, ಮತ್ತೆ ಹಳಿಗಳ ಮೇಲಿಟ್ಟು ಶಟರ್ ತೆರೆದರು. ಸಣ್ಣ ಅಕ್ಷರಗಳ ಒಂದೇ ಸಾಲು, ಫಿಲ್ಟರಿನ ಹೊರಗೆ ಚೂಪಾಗಿದ್ದದ್ದು, ಅದರ ಅಂಚು ದಾಟಿ ಒಳಹೊಕ್ಕೊಡನೆ ಕರಗಿ, ಆಚೆಯ ಅಂಚಿನಲ್ಲಿ ಮತ್ತೆ ಚೂಪಾಯಿತು. ಲೆನ್ಸಿನಿಂದ ಒಮ್ಮುಖವಾಗಿ ಬರುವ ಬೆಳಕು ಗಾಜಿನೊಳಗೆ ಬಾಗುವುದರಿಂದ ಗಾಜಿನ ದಪ್ಪದ ಮೂರನೇ ಒಂದು ಪಾಲಿನಷ್ಟು ಹಿಂದಕ್ಕೆ ಹೋಗಿ ಕೂಡುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಚಿತ್ರ 0.33 ಮಿ.ಮೀ. ಹಿಂದೆ ಸರಿದಿದೆ, ಸೆನ್ಸರು ಇದ್ದಲ್ಲೇ ಇದೆ. ದೊಡ್ಡಪ್ಪನ ಮಾತಿನಲ್ಲಿ ಹೇಳುವುದಾದರೆ ಫಿಲ್ಮು ಮುಂದೆ ಬಂದಿದೆ. ಲೆಕ್ಕ ಹಾಕಿದರೆ, 58 ಮಿ.ಮೀ. ಲೆನ್ಸಿನಲ್ಲಿ ಹತ್ತಡಿಗೆ ಮಾಡಿದ ಫೋಕಸ್ ಇಷ್ಟರಿಂದಲೇ ಸುಮಾರು ಹದಿನಾಲ್ಕು ಅಡಿಗೆ ಹೋಗಿ ಬೀಳುತ್ತದೆ. ಅವರ ಕುರ್ಚಿಯಿಂದ ಗೋಡೆಗೆ ನಾಲ್ಕಡಿ. ಫಿಲ್ಟರನ್ನು ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ, ಆದರೆ ಅಷ್ಟಗಲದ ಅಂಥ ಗಾಜಿನ ಬೆಲೆ ನನ್ನ ಬೋರ್ಡಿನ ಬೆಲೆಯ ಹತ್ತಿರಕ್ಕೆ ಬರುತ್ತಿತ್ತು.

ಫಿಲ್ಮಿನ ಕಾಲದಲ್ಲಿ ಒಂದು ಚುಕ್ಕೆ 0.03 ಮಿ.ಮೀ. ಅಗಲಕ್ಕೆ ಹರಡಿದರೂ ಅದನ್ನು ಚೂಪೆಂದೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈ ಸೆನ್ಸರಿನ ಒಂದೊಂದು ಬಿಂದುವೂ 1.55 ಮೈಕ್ರಾನ್, ಆ ಹಳೆಯ 'ಚೂಪಾದ' ಚುಕ್ಕೆ ಇಲ್ಲಿ ಇಪ್ಪತ್ತು ಬಿಂದುಗಳ ಮೇಲೆ ಕಾಲು ಚಾಚಿ ಮಲಗುತ್ತದೆ. ಹೀಗಾಗಿ ಕಣ್ಣಳತೆ ನಡೆಯುವುದಿಲ್ಲ. ಅದೇ ಗ್ಯಾರೇಜಿನ ಹುಡುಗ ಸ್ಕೂಟರಿನ ಟ್ಯಾಪೆಟ್ ಅಳೆಯುವ ಹಳೆಯ ಫೀಲರ್ ಗೇಜಿನಿಂದ 0.30ರ ಒಂದು ಎಲೆಯನ್ನು ಬಿಚ್ಚಿ ಕೊಟ್ಟ. ಅದನ್ನು ನಾಲ್ಕು ಚೂರು ಮಾಡಿ ಸೆನ್ಸರು ಹಿಂದೆ ಸರಿಯುವಂತೆ ಸ್ಕ್ರೂಗಳ ಬಳಿ ಇಟ್ಟೆ; ಉಳಿದ ಕೂದಲೆಳೆಯ ಅಂತರವನ್ನು ರೊಟ್ಟಿ ಸುತ್ತುವ ಫಾಯಿಲ್ ಹಾಳೆಯಿಂದ ತುಂಬಿಸಿದೆ. ಒಂದು ಪದರ ಹಾಕಿ ಒಂದು ಚಿತ್ರ, ಇನ್ನೊಂದು ಪದರ ಹಾಕಿ ಇನ್ನೊಂದು ಚಿತ್ರ. ಮೂರನೆಯ ಪದರದಲ್ಲಿ ಹುಬ್ಬಿನ ಕೂದಲು ಒಂದೊಂದಾಗಿ ಬಿಡಿಸಿಕೊಂಡವು, ನಾಲ್ಕನೆಯದಕ್ಕೆ ಮತ್ತೆ ಮಂಕಾದವು. ಮೂರಕ್ಕೇ ನಿಲ್ಲಿಸಿ ಸ್ಕ್ರೂಗಳ ತಲೆಗೆ ಉಗುರುಬಣ್ಣ ಹಚ್ಚಿದೆ.

ಹೋದ ವಾರ ಆ ಮೂರನೆಯ ಪದರದ ಚಿತ್ರವನ್ನು ಮುದ್ರಿಸಿ ಗದಗಿಗೆ ಒಯ್ದೆ. ದೊಡ್ಡಪ್ಪ ಅದೇ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದಿಟ್ಟು, ಭೂತಗನ್ನಡಿಯನ್ನು ಮೊದಲು ಹುಬ್ಬಿನ ಮೇಲೆ, ಆಮೇಲೆ ಟೊಪ್ಪಿಗೆಯ ಮಡಿಕೆಯ ಮೇಲೆ, ಕೊನೆಗೆ ಕ್ಯಾಲೆಂಡರಿನ ಮೇಲೆ ಆಡಿಸಿದರು. ಅಲ್ಲಿ ಈಗ ಬಿಳಿ ಚೌಕದ ಮೇಲೆ ಕೆಂಪು ಕಪ್ಪು ಮಸಿಯ ಗುರುತುಗಳು ಮಾತ್ರ ಇದ್ದವು. ಅವರು ಚಿತ್ರವನ್ನು ತಿರುಗಿಸಿ, ಬೋರಲಾಗಿ ಮೇಜಿನ ಮೇಲಿಟ್ಟು, ಪೆನ್ಸಿಲನ್ನು ನನ್ನ ಕಡೆಗೆ ಚಾಚಿದರು.

"ಕ್ಯಾಲೆಂಡರ್ ಓದಾಕ ಬರವಲ್ದು. ಇನ್ನ ತಾರೀಖು ಹಿಂದ ಬರದಿಡು."